ಅವ್ವನಿರುವ ಎರಡು ಗುಂಟೆ

ಹೆಗ್ಗದ್ದೆ ಕಡೆಯ ನಮ್ಮ ಮನೆಗಳಲ್ಲಿ ಗಂಡನ ಮನೆಯಿಂದ ಬಂದ ಮಗಳಿಗೆ ಬಾಗಿಲಲ್ಲೇ ಎರಡು ಪ್ರಶ್ನೆ ಕಾದಿರುತ್ತಿದ್ದವು. ಯಾವಾಗ ಬಂದೆ, ಯಾವಾಗ ಹೋಗ್ತೀಯ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುತ್ತಿರಲಿಲ್ಲ, ಕಾಲು ತೊಳೆಯಲು ಚೊಂಬು ನೀರು ಕೊಡುತ್ತಲೇ ಕೇಳುತ್ತಿದ್ದರು. ಆದರೆ ನನ್ನ ಅಕ್ಕನಿಗೆ ಎರಡನೆಯ ಪ್ರಶ್ನೆ ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತಿತ್ತು. ಅವಳನ್ನು ಆಲೂರಿನ ಆಚೆಗೆ ಕೊಟ್ಟಿದ್ದರು. ಎರಡು ಬಸ್ಸು ಬದಲಿಸಿ ಬಂದವಳು ಚೀಲವನ್ನು ಜಗಲಿಯ ಮೇಲೆ ಎಸೆದು, ಸೀದಾ ಕಾಫಿ ತೋಟದ ಕೆಳಗೆ, ಅವ್ವನನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ ಕೂರುತ್ತಿದ್ದಳು. ಅಲ್ಲೊಂದು ಹಾಲವಾಣದ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅವ್ವ ಮಾತ್ರ ಯಾವಾಗ ಹೋಗ್ತೀಯಾಂತ ಕೇಳಲ್ಲ ಎಂದು ನಗುತ್ತಿದ್ದಳು.

ಅಪ್ಪ ತೀರಿಕೊಂಡಾಗ ತೋಟದ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇತ್ತು. ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಸೇರಿಸುವ ಪೌತಿ ಖಾತೆಯ ಮಾತೆತ್ತಿದರೆ ಸಾಕು, ಅಜ್ಜನನ್ನು ಮನೆಯಿಂದ ಆಚೆ ಹಾಕಲು ಹೇಳಿದೆವೇನೋ ಅನ್ನುವ ಹಾಗೆ ಅಪ್ಪ ಮುಖ ಗಂಟಿಕ್ಕುತ್ತಿದ್ದ. ಊರಿನ ಅರ್ಧ ಜಮೀನು ಹೀಗೆ ಸತ್ತವರ ಹೆಸರಿನಲ್ಲೇ ಇತ್ತು. ಯಾರಾದರೂ ಬದಲಾಯಿಸಲು ಹೊರಟರೂ ವಂಶವೃಕ್ಷದಲ್ಲಿ ಗಂಡುಮಕ್ಕಳನ್ನಷ್ಟೇ ಬರೆಸುತ್ತಿದ್ದರು. ಹೆಣ್ಣುಮಕ್ಕಳು ತಕರಾರು ತೆಗೆದಾರೆಂಬ ಅನುಮಾನವಿದ್ದರೆ ಒಂದು ಸೀರೆ ಕೊಟ್ಟು, ಹಕ್ಕು ಬಿಟ್ಟೆವೆಂದು ಸಹಿ ಹಾಕಿಸಿಕೊಂಡು, ಊಟ ಮಾಡಿಸಿ ಬಸ್ಸು ಹತ್ತಿಸುತ್ತಿದ್ದರು. ಸೀರೆ ಉಟ್ಟವರೂ ಅದನ್ನು ತಪ್ಪೆಂದು ತಿಳಿದಿರಲಿಲ್ಲ.

ಅಷ್ಟರಲ್ಲಿ ತಾಲ್ಲೂಕಿಗೆ ಹೊಸ ತಹಸೀಲ್ದಾರರು ಬಂದರು. ಜನ ಸಕಲೇಶಪುರಕ್ಕೆ ಅಲೆಯುವುದು ಬೇಡ, ಕಚೇರಿಯೇ ಊರಿಗೆ ಬರುತ್ತದೆ ಎಂದು ನಮ್ಮ ಶಾಲೆಯ ಜಗಲಿಯಲ್ಲಿ ಮೇಜು ಹಾಕಿಸಿದರು. ಹೆಣ್ಣುಮಕ್ಕಳ ಹೆಸರಿಲ್ಲದ ವಂಶವೃಕ್ಷ ನಡೆಯುವುದಿಲ್ಲ, ಅವರು ಖುದ್ದಾಗಿ ಬರಬೇಕು ಎಂದು ಟಾಂ ಟಾಂ ಹೊಡೆಸಿದರು. ಅಣ್ಣ ಜೀಪು ಮಾಡಿಕೊಂಡು ನಮ್ಮ ಗಂಡಂದಿರ ಮನೆಗಳಿಗೆ ಬಂದು ಅಕ್ಕತಂಗಿಯರಿಬ್ಬರನ್ನೂ ಕರೆದೊಯ್ದ. ಮನೆಯಲ್ಲಿ ಅತ್ತಿಗೆ ಹೋಳಿಗೆ ಮಾಡಿದ್ದಳು. ಎರಡು ಸೀರೆ ಪೇಟೆಯಿಂದ ಮೊದಲೇ ಬಂದು ಕೂತಿದ್ದವು.

ತಹಸೀಲ್ದಾರರು ಅಣ್ಣನನ್ನು ಧ್ವಜದ ಕಂಬದ ಹತ್ತಿರ ಹೋಗಿ ನಿಲ್ಲಲು ಹೇಳಿದರು. ಹೆಣ್ಣುಮಕ್ಕಳನ್ನು ಮನೆಯ ಗಂಡಸರು ಹತ್ತಿರವಿಲ್ಲದಾಗ ಕೇಳಬೇಕೆನ್ನುವುದು ಅವರು ಮಾಡಿಕೊಂಡ ನಿಯಮ. ಮಗ್ಗಿ ತಪ್ಪಿ ಅದೇ ಕಂಬದ ಬುಡದಲ್ಲಿ ಎಷ್ಟೋ ಸಲ ನಿಂತಿದ್ದ ನನ್ನಣ್ಣ, ಮೀಸೆ ನರೆತ ಮೇಲೆ ಮತ್ತೊಮ್ಮೆ ಅಲ್ಲಿ ನಿಂತ. ನನಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ನಿಮಗೇನು ಬೇಕಮ್ಮ ಎಂದು ಅವರು ಕೇಳಿದಾಗ ಸೆರಗನ್ನು ಬೆರಳಿಗೆ ಸುತ್ತುತ್ತಾ ಹೇಳಿದಳು.

"ತೋಟ ಅವ್ನೇ ಇಟ್ಕೊಳ್ಳಿ ಸ್ವಾಮಿ. ನಮ್ಮವ್ವ ಮಲಗಿರೋ ಜಾಗ ಐತಲ್ಲ, ಅದು ನಮ್ಮಿಬ್ರಿಗೆ ಬೇಕು. ನಾಳೆ ಯಾರಿಗಾದ್ರೂ ಮಾರ್ಬುಟ್ರೆ ನಾವು ಎಲ್ಲಿಗೆ ಬರೋದು?"

ಅವರು ನಿಧಾನವಾಗಿ ತಿಳಿಸಿ ಹೇಳಿದರು. ಸದ್ಯಕ್ಕೆ ಖಾತೆ ಮೂವರ ಹೆಸರಿಗೂ ಆಗುತ್ತದೆ, ಹಕ್ಕು ಬಿಡುವುದು ಬಿಡದಿರುವುದು ಆಮೇಲಿನ ಮಾತು. ಆ ಜಾಗ ಬೇಕಿದ್ದರೆ ಅಳತೆ ಮಾಡಿಸಿ, ಪಾಲಿನ ಪತ್ರ ಮಾಡುವಾಗ ಬೇರೆಯಾಗಿ ಬರೆಸಿ. ರಸ್ತೆಯಿಂದ ಅಲ್ಲಿಗೆ ಹೋಗುವ ದಾರಿಯನ್ನು ಮಾತ್ರ ಬರೆಸಲು ಮರೆಯಬೇಡಿ ಎಂದರು.

ಜೀಪಿನಲ್ಲಿ ಅಕ್ಕ ತಾನು ಕೇಳಿದ್ದೇನೆಂದು ಅಣ್ಣನಿಗೆ ಹೇಳಿದಳು. ಮನೆಗೆ ಬಂದು ಹೋಳಿಗೆ ಊಟ ಮುಗಿಸಿದೆವು. ಕೈ ತೊಳೆಯುವಾಗ ಅಣ್ಣ ಬಾಯಿ ಬಿಟ್ಟ.

"ಅವ್ವ ನಂಗೂ ಅವ್ವನೇ ಅಲ್ವೇನಕ್ಕ? ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?"

"ಏನು ಬೇಕೂಂತ ನೀನು ಒಂದಿನಾನೂ ಕೇಳ್ಲಿಲ್ವಲ್ಲ ಕಣೋ," ಅಂದಳು ಅಕ್ಕ.

ಬೇಸಿಗೆಯಲ್ಲಿ ಸರ್ವೆಯವರು ಬಂದರು, ಹಾಲವಾಣದ ಸುತ್ತ ಎರಡು ಗುಂಟೆಗೆ ಕಲ್ಲು ನೆಟ್ಟರು. ಆ ದಿನ ಅಳತೆಯ ಸರಪಳಿಯ ಒಂದು ತುದಿ ಹಿಡಿದವನು ಅಣ್ಣನೇ. ಆ ಜಾಗವೂ ಅದರ ದಾರಿಯೂ ನಮ್ಮಿಬ್ಬರಿಗೆ, ಉಳಿದ ತೋಟ ಅವನಿಗೆ ಎಂದು ಪತ್ರವಾಯಿತು. ಸೀರೆಯನ್ನೂ ಕೊಟ್ಟ. ಅಕ್ಕ ಅದನ್ನೂ ಬಿಡಲಿಲ್ಲ, ಅಂಚು ಚೆನ್ನಾಗಿಲ್ಲವೆಂದು ಕೊಂಕು ಬೇರೆ ತೆಗೆದಳು.

ಅದಾದ ಕೆಲವು ವರ್ಷಕ್ಕೆ ಅಣ್ಣ ತೋಟವನ್ನು ಪಕ್ಕದ ಎಸ್ಟೇಟಿನವರಿಗೆ ಮಾರಿ ಹಾಸನ ಸೇರಿದ. ನಮ್ಮ ಮನೆಯಲ್ಲೀಗ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸಂಸಾರವಿದೆ. ಅಕ್ಕನೂ ಹೋದಳು. ಅವಳನ್ನು ಗಂಡನ ಮನೆಯವರು ಅವರ ಹೊಲದಲ್ಲೇ ಮಣ್ಣು ಮಾಡಿದರು. ಅವ್ವನ ಪಕ್ಕದಲ್ಲಿ ಜಾಗವಿತ್ತು ಎಂದು ನನಗೆ ಅನ್ನಿಸಿತು, ಆದರೆ ಅದನ್ನು ಹೇಳಲು ಅಲ್ಲಿ ನಾನು ಯಾರು.

ಈಗ ನಾನೊಬ್ಬಳೇ ಹೋಗುತ್ತೇನೆ. ತೋಟ ಹೂಬಿಟ್ಟಾಗ ತಪ್ಪದೆ ಹೋಗುತ್ತೇನೆ, ಅಕ್ಕನಿಗೆ ಆ ವಾಸನೆಯೆಂದರೆ ಪ್ರಾಣ. ಗೇಟಿನ ಕಾವಲಿನವನು ನನ್ನನ್ನು ನೋಡಿ ಬೀಗ ತೆಗೆಯುತ್ತಾನೆ. ದಾರಿ ಪತ್ರದಲ್ಲಿರುವುದು ಅವನಿಗೂ ಗೊತ್ತು, ಹಾಗಾಗಿ ಯಾವಾಗ ಬಂದಿರಿ, ಯಾವಾಗ ಹೋಗ್ತೀರಿ ಎಂದು ಕೇಳುವುದಿಲ್ಲ. ಅಕ್ಕ ಬಯಸಿದ್ದು ಇದನ್ನೇ. ನನಗೋ, ಹಾಲವಾಣದ ಕೆಳಗೆ ಕೂತಷ್ಟು ಹೊತ್ತೂ, ಯಾರಾದರೂ ನಮ್ಮ ಆ ಮನೆಯ ಬಾಗಿಲಲ್ಲಿ ಚೊಂಬು ಹಿಡಿದು ನಿಂತು ಒಂದು ಸಲ ಹಾಗೆ ಕೇಳಬಾರದೇ ಅನ್ನಿಸುತ್ತದೆ. ಕೇಳುವವರಿಲ್ಲ. ಬಸ್ಸಿನ ಹೊತ್ತನ್ನು ನಾನೇ ನೋಡಿಕೊಂಡು ಏಳುತ್ತೇನೆ.