ಅನ್ವರಿ ಅಂಟಿಸಿದ ಇಪ್ಪತ್ತಾರು ಸೊನ್ನೆ ಟಿಕೆಟು

ಬೆಳಗಿನ ಆರು ಗಂಟೆ. ಮಂಠಾಳದ ದವಾಖಾನೆಯಲ್ಲಿ ಬರಿಹೊಟ್ಟೆಯ ಹನ್ನೊಂದು ಜನರಿಂದ ಪರೀಕ್ಷೆಗೆಂದು ಈಗಷ್ಟೇ ತೆಗೆದ ರಕ್ತದ ಪುಟ್ಟ ಬಾಟಲಿಗಳನ್ನು ಅನ್ವರಿ ನೀಲಿ ಐಸ್ ಡಬ್ಬಿಗೆ ಜೋಡಿಸಿಕೊಂಡು, ಹತ್ತಾರು ಜನ ಕೂಡಿ ಹೋಗುವ ಮೂರು ಗಾಲಿಯ ಟಂಟಂ ಹತ್ತುತ್ತಾರೆ.

"ಆಪಾ, ಮುಂದ ಕೂಡ್ರಿ. ಹಿಂದ ಇಟ್ರ ಡಬ್ಬಿ ಕುಣೀತದ," ಎನ್ನುತ್ತಾನೆ ಚಾಲಕ ಗಯಾಸುದ್ದೀನ್.

"ಸಾವಕಾಶ ಹೊಡಿಯೋ ತಮ್ಮಾ. ನಿನ್ನ ಗಾಡಿ ಕುಣಿತಕ್ಕ ಯಾರದರ ಶುಗರ್ ಏರೀತು!"

ಟಂಟಂನಲ್ಲಿ ಬಸವಕಲ್ಯಾಣ, ಅಲ್ಲಿನ ಎರಡು ದವಾಖಾನೆಯ ಬಾಟಲಿಗಳನ್ನೂ ತೆಗೆದುಕೊಂಡು, ಬಸ್ಸು ಹಿಡಿದು ಹುಮನಾಬಾದ್, ಅಲ್ಲಿಂದ ಆಟೋದಲ್ಲಿ ಊರಾಚೆಯ ಖಾಸಗಿ ಲ್ಯಾಬು. ಒಂಬತ್ತರೊಳಗೆ ತಲುಪಲೇಬೇಕು. ಮಂಠಾಳದ ಮೊದಲ ಬಸ್ಸಿಗೆ ಕಾದರೆ ಆಗದು. ಎಂಟು ವರ್ಷದಿಂದ ಇದೇ ಓಡಾಟ, ಪಗಾರ ಒಂಬತ್ತು ಸಾವಿರ. ಟಂಟಂಗೆ ನಲವತ್ತು, ಆಟೋಕ್ಕೆ ಮೂವತ್ತು, ದಿನಕ್ಕೆ ಎಪ್ಪತ್ತು ರೂಪಾಯಿ ಕೈಯಿಂದಲೇ.

ಕೆಲಸದ ಓಡಾಟದ ಖರ್ಚು ಕೊಡುತ್ತೇವೆ, ಟಿಕೆಟು ಅಂಟಿಸಿ ಕೊಡಿ ಎಂದಿತು ಲ್ಯಾಬು. ಅನ್ವರಿ ಗಂಜಿ ಹಚ್ಚಿ ತಿಂಗಳ ಇಪ್ಪತ್ತಾರು ದಿನದ ಬಸ್ ಟಿಕೆಟು ಸಾಲಾಗಿ ಅಂಟಿಸಿದರು. ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಪುಕ್ಕಟೆ, ಪ್ರತಿ ಟಿಕೆಟಿನ ಮೇಲೂ ಸೊನ್ನೆ. ಟಂಟಂನವರು ಟಿಕೆಟು ಕೊಟ್ಟದ್ದನ್ನು ಯಾರಾದರೂ ಕಂಡಿದ್ದೀರಾ? ಗುಮಾಸ್ತ ಬಸವಣಪ್ಪ ಸೊನ್ನೆಗಳನ್ನೆಲ್ಲ ಕೂಡಿಸಿ, ಕೆಳಗೆ ಇನ್ನೊಂದು ಸೊನ್ನೆ ಬರೆದ. "ಖರ್ಚೇ ಆಗಿಲ್ಲಲ್ರಿ ಬಾಯಿ. ನಿಮ್ಮ ಟಿಕೇಟೇ ಹೇಳ್ತದ!"

ಸರಕಾರ ಹೆಣ್ಣುಮಕ್ಕಳಿಗೆ ಬಿಟ್ಟ ದುಡ್ಡನ್ನೇ ನೆಪ ಮಾಡಿಕೊಂಡು ಅವರ ಹಕ್ಕಿನ ದುಡ್ಡು ನುಂಗುವುದು ಎಂಥ ಜಾಣತನ! ಲ್ಯಾಬಿನ ಮಾಲೀಕರ ಕಾರಿನ ಪೆಟ್ರೋಲಿಗೆ ಮಾತ್ರ ಯಾರೂ ಟಿಕೆಟು ಕೇಳುವುದಿಲ್ಲ.

ಅನ್ವರಿ ಜಗಳಕ್ಕೆ ಇಳಿಯಲಿಲ್ಲ. ಮರುದಿನದಿಂದ ಗಯಾಸುದ್ದೀನನ ಕೈಯಲ್ಲೇ ಚೀಟಿ ಬರೆಸಿದರು: ತಾರೀಖು, ಬಾಡಿಗೆ, ಸಹಿ, ಫೋನ್ ನಂಬರು. ಆಟೋದವರಿಂದಲೂ ಬರೆಸಿದರು. "ಮೊದಲ್ ಮೊದಲ್ ನಗ್ತಿದ್ರು. ಆಮ್ಯಾಲ ಅವರೇ ಪೆನ್ ಇಟಗೊಂಡು ಕಾಯಾಕತ್ರು," ಎಂದು ಅನ್ವರಿ ನಗುತ್ತಾರೆ. ಆರು ತಿಂಗಳ ಚೀಟಿ ಕಟ್ಟಿಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟರು.

ಆಗ ಮಾಲೀಕರ ಕರೆ ಬಂತು. ಮೇಜಿನ ಮೇಲೆ ಐದು ಸಾವಿರ. "ನಿಮಗೊಬ್ರಿಗೆ ಮದದ್, ಸಹಾಯ ಅಂತ ತಿಳೀರಿ. ಅರ್ಜಿ ವಾಪಸ್ ತಗೀರಿ, ಉಳಿದೋರಿಗಿ ಹೇಳಬ್ಯಾಡ್ರಿ."

ಉಳಿದವರೆಂದರೆ ಬೇರೆ ಬೇರೆ ಊರುಗಳಿಂದ ಡಬ್ಬಿ ಹೊರುವ ಮೂವರು ಹೆಣ್ಣುಮಕ್ಕಳು. ಇತ್ತ ಮಗಳು ಸಮ್ರೀನಳ ಕಾಲೇಜು ಫೀಸಿಗೆ ಎರಡೇ ದಿನ ಬಾಕಿ. ಅನ್ವರಿ ನೋಟು ಮುಟ್ಟಲಿಲ್ಲ.

"ಮದದ್ ಬ್ಯಾಡ್ರಿ ಸಾಹೇಬ್ರ. ನಾ ದುಡದದ್ದು ಕೇಳಾಕತ್ತೀನಿ. ಪಗಾರ ಚೀಟಿಮ್ಯಾಲ ಬರದು ಕೊಡ್ರಿ. ನಾಕೂ ಮಂದೀದು ಬರೀರಿ."

ಫೀಸಿಗೆ ಮನೆಯ ಎರಡು ಆಡು ಮಾರಿದರು. ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲೇ ಎರಡು ತಿಂಗಳು ಡಬ್ಬಿ ಹೊತ್ತರು. ಇಲಾಖೆಯವರು ಲ್ಯಾಬಿನ ಕಾಗದಪತ್ರ ಕೇಳಿದ ಮೇಲೆ ಈ ತಿಂಗಳ ಪಗಾರ ಚೀಟಿಯಲ್ಲಿ ಹೊಸ ಸಾಲೊಂದು ಬಂದಿದೆ: ಪ್ರಯಾಣ ಖರ್ಚು, ೧,೮೨೦ ರೂಪಾಯಿ. ಹಳೆಯ ಬಾಕಿಯ ವಿಚಾರಣೆ ಇನ್ನೂ ಮುಗಿದಿಲ್ಲ.

ಖುಷಿಯಾಯಿತೇ ಎಂದು ಕೇಳಿದರೆ ಅವರು ತಮ್ಮ ಮಾತು ಬಿಟ್ಟು ಜೊತೆಗಾತಿಯ ಮಾತು ತೆಗೆಯುತ್ತಾರೆ.

"ಕೊಡಂಬಲದ ದ್ರೌಪತಿ ಫೋನ್ ಮಾಡಿ ಅಳಾಕತ್ತಿದ್ಲು. 'ನನ್ನ ಚೀಟಿಮ್ಯಾಲೂ ಬಂದದ ಆಪಾ' ಅಂದ್ಲು. ಅಳಬ್ಯಾಡ ಹುಚ್ಚಿ, ನಾಳಿ ಟೈಮಿಗಿ ಡ್ಯೂಟಿಗಿ ಬಾ ಅಂದೆ."