ಓರೆಸ್ಟ್ ಅತ್ತ ದಿನ

ಓರೆಸ್ಟ್ ಹ್ರಿತ್ಸಾಕ್ ಮ್ಯಾನಿಟೋಬಾದ ನಮ್ಮ ಸಣ್ಣ ಊರಿನ ಕರ್ಲಿಂಗ್ ರಿಂಕಿನಲ್ಲಿ ಇಪ್ಪತ್ತಾರು ವರ್ಷದಿಂದ ಐಸ್ ಮಾಡುವವನು. ನಲವತ್ತು ಪೌಂಡಿನ ಕಲ್ಲನ್ನು ಮಂಜುಗಡ್ಡೆಯ ಅಂಗಳದ ಮೇಲೆ ಜಾರಿಸಿ ಗುರಿ ಮುಟ್ಟಿಸುವ ಆಟ ಅದು. ಅಂಗಳ ಕನ್ನಡಿಯಷ್ಟು ನುಣುಪಾಗಿದ್ದರೆ ಕಲ್ಲು ನಡುದಾರಿಯಲ್ಲೇ ನಿಂತುಬಿಡುತ್ತದೆ. ಆದ್ದರಿಂದ ಪ್ರತಿ ಆಟಕ್ಕೂ ಮೊದಲು ಓರೆಸ್ಟ್ ಬೆಚ್ಚನೆಯ ನೀರಿನ ಡಬ್ಬವನ್ನು ಬೆನ್ನಿಗೆ ಹಾಕಿಕೊಂಡು, ಹಿಂದುಹಿಂದಕ್ಕೆ ನಡೆಯುತ್ತ, ಕೊಳವೆ ಹಿಡಿದ ಕೈಯನ್ನು ಅತ್ತಿತ್ತ ಬೀಸಿ ಹನಿ ಚಿಮುಕಿಸುತ್ತಾನೆ. ಹನಿ ಬಿದ್ದಲ್ಲೇ ರವೆಕಾಳಿನಂತೆ ಹೆಪ್ಪುಗಟ್ಟುತ್ತದೆ. ಕಲ್ಲು ಓಡುವುದು ಆ ಕಾಳುಗಳ ಮೇಲೆ. ಒಂದು ಬೀಸು ತಪ್ಪಿದರೆ ಆಟವೇ ಕೆಡುತ್ತದೆ. ಹೈಸ್ಕೂಲಿನಲ್ಲಿ ನಾನು ಅವನಿಗೆ ರಸಾಯನಶಾಸ್ತ್ರ ಕಲಿಸಿದ್ದೆ. ಪರೀಕ್ಷೆಯಲ್ಲಿ ಅವನು ಪಾಸಾಗಿದ್ದು ಕಷ್ಟದಿಂದ. ನೀರಿನ ವಿಷಯದಲ್ಲಿ ಮಾತ್ರ ಈಗ ಅವನೇ ನನಗೆ ಮೇಷ್ಟ್ರು.

ಅವನು ಬಾಯಿಬಡುಕ. ಹೊರಗಿನ ಬೂಟು ಹಾಕಿಕೊಂಡು ಯಾರಾದರೂ ಐಸಿನ ಮೇಲೆ ಕಾಲಿಟ್ಟರೆ, ಅವರು ಪಾದ್ರಿಯಾದರೂ ಸರಿ, "ಏನ್ರೀ, ಇದೇನು ದನದ ಕೊಟ್ಟಿಗೆ ಅಂದ್ಕೊಂಡ್ರಾ?" ಎಂದು ಇಡೀ ರಿಂಕಿಗೆ ಕೇಳುವಂತೆ ಕೂಗುತ್ತಿದ್ದ. ಬೈಗುಳ ತಿನ್ನದವರು ನಮ್ಮೂರಿನಲ್ಲಿ ಯಾರೂ ಇರಲಿಲ್ಲ.

ಒಂದು ಅಕ್ಟೋಬರಿನಲ್ಲಿ ಅವನ ತಾಯಿ ಪರಸ್ಕಾ ತೊಂಬತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡಳು. ಇಲ್ಲಿನ ಉಕ್ರೇನಿಯನ್ ಮನೆತನಗಳಲ್ಲಿ ನಲವತ್ತನೆಯ ದಿನ ಚರ್ಚಿನಲ್ಲಿ ಪ್ರಾರ್ಥನೆ, ಆಮೇಲೆ ಪಕ್ಕದ ಸಭಾಂಗಣದಲ್ಲಿ ಎಲ್ಲರಿಗೂ ಊಟ. ಆ ದಿನ ಓರೆಸ್ಟ್ ಅಳಲಿಲ್ಲ, ಮಾತಾಡಲಿಲ್ಲ, ತಟ್ಟೆ ಮುಟ್ಟಲಿಲ್ಲ. ತಾಯಿ ಹೋದ ದುಃಖ ಎಂದರು ಎಲ್ಲರೂ. ನಾನೂ ಹಾಗೆಯೇ ಹೇಳಿದೆ. ಓದಿದವಳ ಮಾತೆಂದು ಊರು ಅದನ್ನು ಇನ್ನಷ್ಟು ನಂಬಿತು. ನಾನು ಹೇಳಿದ್ದು ತಪ್ಪು.

ಚಳಿಗಾಲ ಬಂತು. ಅವನು ಐಸ್ ಮಾಡಿದ, ಎಂದಿನಂತೆ ಅಚ್ಚುಕಟ್ಟಾಗಿಯೇ ಮಾಡಿದ. ಅವನ ಹೆಂಡತಿ ಡೋರೀನ್ ಕರ್ಲಿಂಗ್ ಕ್ಲಬ್ಬಿನ ಅಧ್ಯಕ್ಷ ಗಾರ್ತ್ ಮೆಕೀ ಹತ್ತಿರ ಹೋಗಿ, "ಇವ್ರಿಗೆ ಏನೋ ಆಗಿದೆ ಗಾರ್ತ್, ಒಂದು ಮಾತು ವಿಚಾರಿಸು" ಎಂದಾಗ ಅವನು ಕೊಟ್ಟ ಉತ್ತರ ಇದು: "ಐಸ್ ಇಷ್ಟು ಚೆನ್ನಾಗಿದ್ಯಲ್ಲ ಡೋರೀನ್, ಅವನಿಗೇನಾಗಿರುತ್ತೆ?" ಗಾರ್ತ್ ಕೆಟ್ಟವನಲ್ಲ. ನಮ್ಮೂರಿನಲ್ಲಿ ಮನುಷ್ಯನ ಆರೋಗ್ಯವನ್ನು ಅವನ ಕೆಲಸ ನೋಡಿ ಅಳೆಯುತ್ತೇವೆ. ಬೆಳೆ ನೆಟ್ಟಗಿದ್ದರೆ ರೈತ ನೆಟ್ಟಗೆ, ಐಸ್ ನೆಟ್ಟಗಿದ್ದರೆ ಓರೆಸ್ಟ್ ನೆಟ್ಟಗೆ.

ಜನವರಿಯಲ್ಲಿ ಪಾದ್ರಿ ಮರೆತು ಹಿಮ ಮೆತ್ತಿದ ಹೊರಗಿನ ಬೂಟಿನಲ್ಲೇ ಐಸಿನ ಮೇಲೆ ನಡೆದರು. ಎಲ್ಲರೂ ನಗಲು ಸಿದ್ಧರಾಗಿ ಕಾದರು. ಓರೆಸ್ಟ್ ಸುಮ್ಮನೆ ನೋಡುತ್ತ ನಿಂತಿದ್ದ.

ಫೆಬ್ರವರಿಯಲ್ಲಿ ಅವನು ಗಾರ್ತ್‌ಗೆ ರಿಂಕಿನ ಬೀಗದಕೈ ಒಪ್ಪಿಸಿದ. "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನಾನು ಯಾವ ಪ್ರಯೋಜನಕ್ಕೂ ಬಾರದೋನು." ಸಮಿತಿ ಸಭೆ ಸೇರಿತು. ಐಸನ್ನು ತಣ್ಣಗಿಡುವ ಹಳೆಯ ಕಂಪ್ರೆಸರ್ ದಿನಕ್ಕೊಮ್ಮೆ ಕೆಡುತ್ತಿತ್ತು; ಅದರ ಒತ್ತಡವೇ ಅವನ ತಲೆಗೆ ಏರಿದೆ ಎಂದು ತೀರ್ಮಾನವಾಯಿತು. ಹೊಸ ಕಂಪ್ರೆಸರ್ ತರಿಸಿದರು. ಓರೆಸ್ಟ್‌ಗೆ ಸಂಬಳ ಸಹಿತ ರಜೆ ಕೊಟ್ಟು, ಪಕ್ಕದ ಊರಿನವನೊಬ್ಬನನ್ನು ಆ ಕೆಲಸಕ್ಕೆ ಹಾಕಿದರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಅವನನ್ನು ಬೆಳಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿದ್ದ ಒಂದೇ ಒಂದು ಕೆಲಸವನ್ನು ಹೀಗೆ ಕಿತ್ತುಕೊಂಡಂತಾಯಿತು. "ಫೆಬ್ರವರೀಲಿ ಯಾರ ಮನಸ್ಸು ತಾನೇ ಸರಿ ಇರುತ್ತೆ? ಹಿಮ ಕರಗಲಿ, ಅವನೂ ಸರಿಹೋಗ್ತಾನೆ" ಎಂದು ಅಂಗಡಿಯಲ್ಲಿ ಮಾತಾಡಿಕೊಂಡರು.

ಹಿಮ ಕರಗಿತು. ಜೂನ್ ಬಂತು. ರಾತ್ರಿ ಹತ್ತು ಗಂಟೆಯಾದರೂ ಬೆಳಕು ಆರದ ತಿಂಗಳು. ಫೆಬ್ರವರಿಯಲ್ಲಿ ಮುಖ ಗಂಟಿಕ್ಕಿಕೊಂಡಿದ್ದವರೆಲ್ಲ ದೋಣಿ ಇಳಿಸಿ ಕೆರೆಗೆ ಹೊರಟರು. ಓರೆಸ್ಟ್ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದ. ಸಡಿಲವಾಗಿದ್ದ ಅವನ ಬೆಲ್ಟಿಗೆ ಡೋರೀನ್ ಮೊಳೆಯಿಂದ ಎರಡು ಹೊಸ ತೂತು ಹೊಡೆದಿದ್ದಳು. ಕೊನೆಗೆ ಅವಳು ಪರಸ್ಕಾಳ ಜೀವದ ಗೆಳತಿ ಸ್ಟೆಫ್ಕಾಳ ಬಳಿ ಹೋದಳು. ಸ್ಟೆಫ್ಕಾಗೆ ಎಪ್ಪತ್ತಾರು ವರ್ಷ. ಗಂಡ ನೆಸ್ಟರ್ ಸತ್ತು ಒಂಬತ್ತು ವರ್ಷ. ಈಗಲೂ ಮುದುಕಿಯರ ಕರ್ಲಿಂಗ್ ತಂಡದ ನಾಯಕಿ. ಓರೆಸ್ಟ್ ಅವಳನ್ನು ಚಿಕ್ಕಂದಿನಿಂದ ತೇತಾ, ಅಂದರೆ ಅತ್ತೆ, ಎಂದೇ ಕರೆಯುತ್ತಿದ್ದ. ಆಲೂಗಡ್ಡೆ ಪಾತಿಯ ಮಣ್ಣು ಮೆತ್ತಿದ ಕೈಯಲ್ಲೇ ಅವಳು ಟ್ರಕ್ ಹತ್ತಿ ಬಂದಳು. ಮುಂದಿನ ಮಾತುಕತೆ ಡೋರೀನ್ ನನಗೆ ಹೇಳಿದ್ದು.

"ಏನೋ ಇದು ಗಡ್ಡ? ಪಾದ್ರಿ ಕೆಲ್ಸಕ್ಕೆ ಅರ್ಜಿ ಹಾಕಿದ್ದೀಯಾ?"

ಓರೆಸ್ಟ್ ನಗಲಿಲ್ಲ.

"ಅಮ್ಮ ನೆನಪಾಗ್ತಾಳಾ?"

"ಇಲ್ಲ ತೇತಾ. ಏನೂ ಅನ್ಸಲ್ಲ. ಅವಳ ಫೋಟೋ ನೋಡಿದ್ರೂ ಗೋಡೆ ನೋಡಿದ ಹಾಗೆ. ಹೆತ್ತವಳು ಹೋದ್ರೂ ಅಳು ಬರದಿದ್ರೆ ನಾನೆಂಥ ಮಗ?"

ಸ್ಟೆಫ್ಕಾ ಎದುರು ಕುರ್ಚಿ ಎಳೆದುಕೊಂಡು ಕೂತಳು. "ನೋಡು, ದುಃಖದ ವಿಷಯ ನಂಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ. ನನ್ನ ನೆಸ್ಟರ್ ಹೋದಾಗ ಎರಡು ವರ್ಷ ಅತ್ತೆ. ಆದ್ರೆ ಅವನ ನಲವತ್ತನೇ ದಿನದ ಊಟದಲ್ಲೇ ಸೂಪಿಗೆ ಉಪ್ಪು ಕಮ್ಮಿ ಅಂತ ಅಡುಗೆಯವಳ ಜೊತೆ ಜಗಳ ಆಡ್ದೆ. ಚರ್ಚಲ್ಲಿ ಮೊಮ್ಮಗು ಪಾದ್ರಿ ಗಡ್ಡ ಎಳೆದಾಗ ನಕ್ಕೆ. ಆಮೇಲೆ ಮತ್ತೆ ಅತ್ತೆ. ಅಳು ಬರೋದು, ಹೋಗೋದು, ನಡುನಡುವೆ ನಾನು ಇರ್ತಿದ್ದೆ. ನೀನು ಇಲ್ವೇ ಇಲ್ಲ ಕಣೋ."

"ಸೋಮಾರಿ ಆಗ್ಬಿಟ್ಟಿದ್ದೀನಿ, ಅಷ್ಟೇ."

"ಸೋಮಾರಿಗಳೂ ಗೊತ್ತು ನಂಗೆ. ನನ್ನ ತಮ್ಮಂದಿರು ಇಬ್ರಿದ್ರಲ್ಲ. ಅವ್ರು ಚೆನ್ನಾಗಿ ಉಂಡು, ಚೆನ್ನಾಗಿ ನಿದ್ದೆ ಹೊಡೀತಿದ್ರು. ನೀನು ಎರಡೂ ಮಾಡ್ತಿಲ್ಲ. ಚಳಿಗಾಲ ಅಂದ್ರು, ಚಳಿಗಾಲ ಹೋಯ್ತು. ಕೆಲ್ಸದ ತಲೆನೋವು ಅಂದ್ರು, ಕೆಲ್ಸಾನೂ ಬಿಡ್ಸಿದ್ರು. ಇನ್ನು ಯಾವ್ದರ ಮೇಲೆ ತಪ್ಪು ಹಾಕೋಣ? ಗಾಡಿ ಹತ್ತು, ಕ್ಲಿನಿಕ್ಕಿಗೆ ಹೋಗೋಣ."

ಕ್ಲಿನಿಕ್ಕಿನಲ್ಲಿ ಇದ್ದವಳು ಮಾರಿಸೆಲ್, ಫಿಲಿಪೀನ್ಸಿನಿಂದ ಬಂದು ನೆಲೆಸಿದ ನರ್ಸ್. ಔಷಧಿ ಬರೆದುಕೊಡುವ ಅಧಿಕಾರವೂ ಅವಳಿಗಿತ್ತು. ಅವಳು ಅವಸರಪಡಲಿಲ್ಲ. ಮೊದಲು ಇಷ್ಟವಾಗುತ್ತಿದ್ದುದರಲ್ಲಿ ಈಗ ಯಾವುದು ಇಷ್ಟ, ನಿದ್ದೆ ಹೇಗೆ, ಊಟ ಹೇಗೆ, ಓದಿದ್ದು ತಲೆಗೆ ಹತ್ತುತ್ತದೆಯೇ, ಇದೆಲ್ಲ ಎಷ್ಟು ವಾರದಿಂದ, ನಡುವೆ ಒಂದು ದಿನವಾದರೂ ಬಿಡುವು ಸಿಕ್ಕಿತ್ತೇ ಎಂದು ಒಂದೊಂದಾಗಿ ಕೇಳಿದಳು. ಆಮೇಲೆ ಅದೇ ದನಿಯಲ್ಲಿ, "ಸತ್ತುಹೋದ್ರೆ ಒಳ್ಳೇದು ಅಂತ ಅನ್ಸಿದ್ಯಾ, ಓರೆಸ್ಟ್?" ಎಂದಳು.

"ದಿನಾ" ಎಂದ ಅವನು.

ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದ, ಈಗ ಪಕ್ಕದಲ್ಲೇ ಕೂತಿದ್ದ ಡೋರೀನ್ ಅದನ್ನು ಕೇಳಿದ್ದು ಅದೇ ಮೊದಲು. ಸಂಜೆಯೊಳಗೆ ಅವನ ಜಿಂಕೆ ಬೇಟೆಯ ಬಂದೂಕುಗಳು ಗಾರ್ತ್‌ನ ಮನೆಯ ಕಬ್ಬಿಣದ ಬೀರುವಿಗೆ ಸೇರಿದವು. ಗಾರ್ತ್ ಏನನ್ನೂ ಕೇಳದೆ ಬೀಗ ಹಾಕಿದ. ಅವನು ತನ್ನ ತಪ್ಪನ್ನು ಮಾತಿನಲ್ಲಿ ಒಪ್ಪಿಕೊಳ್ಳುವವನಲ್ಲ.

ರಕ್ತ ಪರೀಕ್ಷೆಯಲ್ಲಿ ಬೇರೆ ಕಾಯಿಲೆ ಕಾಣಲಿಲ್ಲ. "ಇದು ಡಿಪ್ರೆಶನ್" ಎಂದಳು ಮಾರಿಸೆಲ್. "ಅಮ್ಮ ಹೋಗಿದ್ದರಿಂದ ಶುರುವಾಗಿರಬಹುದು, ಇಲ್ಲದೆಯೂ ಬರಬಹುದು. ದುಃಖ ಆಗಿದ್ರೆ ನಡುವೆ ಬಿಡುವು ಕೊಡ್ತಿತ್ತು. ಒತ್ತಡ ಆಗಿದ್ರೆ ರಜೆ ಕೊಟ್ಟಾಗ ಇಳೀತಿತ್ತು. ಇದು ಕಾಯಿಲೆ, ಚಿಕಿತ್ಸೆ ಇದೆ."

ಚಿಕಿತ್ಸೆ ಮಂತ್ರದಂತೆ ಕೆಲಸ ಮಾಡಲಿಲ್ಲ. ಮೊದಲ ಮಾತ್ರೆಗೆ ಹೊಟ್ಟೆ ತೊಳಸಿತು, ಬದಲಾಯಿಸಿದರು. ವಾರಕ್ಕೊಮ್ಮೆ ಡಾಫಿನ್ ಪಟ್ಟಣದ ಆಪ್ತಸಮಾಲೋಚಕಿಯೊಂದಿಗೆ ಫೋನಿನಲ್ಲಿ ಮಾತು. ದಿನವೂ ಸ್ಟೆಫ್ಕಾಳ ಜೊತೆ ಊರಂಚಿನ ಸೇತುವೆಯವರೆಗೆ ನಡಿಗೆ. ಅವನು ಬರುವುದಿಲ್ಲ ಎಂದರೆ ಸ್ಟೆಫ್ಕಾ ಅವನ ಮನೆಯ ಮುಂದೆ ಟ್ರಕ್ ನಿಲ್ಲಿಸಿ ಹಾರ್ನ್ ಒತ್ತುತ್ತಿದ್ದಳು, ಬೀದಿಯವರೆಲ್ಲ ಹೊರಬರುವವರೆಗೆ. ಜುಲೈ ತಿಂಗಳಲ್ಲಿ ಏನೂ ಗುಣ ಕಾಣಲಿಲ್ಲ. ಆಗಸ್ಟಿನಲ್ಲಿ ಮಾತ್ರೆ ಬಿಡುತ್ತೇನೆಂದ. ಡೋರೀನ್ ಬಿಡಗೊಡಲಿಲ್ಲ.

ಸೆಪ್ಟೆಂಬರ್ ನಡುವಿನಲ್ಲಿ ಗಾರ್ತ್ ನನಗೆ ಫೋನ್ ಮಾಡಿದ. ದನಿಯಲ್ಲಿ ಹಬ್ಬವಿತ್ತು.

"ಮೇಡಂ, ಅವನು ನನ್ನ ಬೈದ!"

"ಏನಂತ?"

"ಐಸ್ ಕೆರೆಯೋ ಬ್ಲೇಡಿಗೆ ತುಕ್ಕು ಹಿಡ್ಸಿದ್ದೀವಿ ಅಂತ. ಕತ್ತೆ ಅಂದ. ಎರಡು ಸಲ ಅಂದ!"

ಅಕ್ಟೋಬರಿನಲ್ಲಿ ಪರಸ್ಕಾಳ ವರ್ಷದ ಪ್ರಾರ್ಥನೆ. ಚರ್ಚು ತುಂಬಿತ್ತು. ಸತ್ತವರ ನೆನಪು ಅಳಿಯದಿರಲಿ ಎಂದು ಎಲ್ಲರೂ ಮೂರು ಬಾರಿ ಹಾಡುವ ಘಟ್ಟ ಬಂದಾಗ, ಎರಡನೆಯ ಬಾರಿಗೆ, ಮುಂದಿನ ಸಾಲಿನಲ್ಲಿ ಓರೆಸ್ಟ್ ಕುಸಿದು ಕೂತ. ಅವನ ಬಾಯಿಂದ ಬಂದ ಸದ್ದನ್ನು ನಾನು ಮೊದಲು ಕೆಮ್ಮು ಅಂದುಕೊಂಡೆ. ಅವನು ಅಳುತ್ತಿದ್ದ. ದೊಡ್ಡ ಮೈಯೆಲ್ಲ ಅಲುಗುವಂತೆ, ಮೂಗು ಬಾಯಿ ಒಂದಾಗುವಂತೆ, ಅಮ್ಮಾ ಎಂದು ಕೂಗಿ ಅಳುತ್ತಿದ್ದ. ಹಾಡು ನಿಂತುಹೋಯಿತು. ಗಾರ್ತ್‌ನ ಮುಖ ಬಿಳಿಚಿತು. "ಮತ್ತೆ ಕೆಟ್ಟಿತು. ನರ್ಸ್‌ನ ಕರೀತೀನಿ" ಎಂದು ಎದ್ದ. ಸ್ಟೆಫ್ಕಾ ಅವನ ಕೋಟಿನ ತುದಿ ಹಿಡಿದು ಜಗ್ಗಿದಳು.

"ಕೂತ್ಕೊಳ್ಳೋ ಪೆದ್ದ. ಇದು ಕಾಯಿಲೆ ಅಲ್ಲ, ದುಃಖ. ಒಂದು ವರ್ಷ ತಡವಾಗಿ ಬಂದಿದೆ. ಪಾದ್ರಿಗಳೇ, ಯಾಕೆ ನಿಲ್ಸಿದ್ರಿ? ಮುಂದುವರಿಸಿ."

ಮೂರನೆಯ ಬಾರಿ ಛಾವಣಿ ಹಾರುವಂತೆ ಹಾಡಿದೆವು. ನಾನು ಚರ್ಚಿನಲ್ಲಿ ಹಾಡುವವಳಲ್ಲ. ಆ ದಿನ ಹಾಡಿದೆ. ಊಟಕ್ಕೆ ಕೂತಾಗ ಓರೆಸ್ಟ್‌ನ ಕಣ್ಣು ಇನ್ನೂ ಕೆಂಪಗಿತ್ತು. ಅನ್ನ ತುಂಬಿ ಬೇಯಿಸಿದ ಎಲೆಕೋಸಿನ ಸುರುಳಿಗಳನ್ನು ಏಳು ತಿಂದ. "ಅಮ್ಮ ಮಾಡ್ತಿದ್ದಿದ್ದಕ್ಕೆ ಇದು ಸಾಟಿನೇ ಅಲ್ಲ" ಎಂದು ಎಂಟನೆಯದನ್ನು ಬಡಿಸಿಕೊಂಡ. ಮತ್ತೊಮ್ಮೆ ಕಣ್ಣೊರೆಸಿಕೊಂಡ. ಎದುರಿಗಿದ್ದವರ ಜೋಕಿಗೆ ನಕ್ಕ.

ನವೆಂಬರಿನಲ್ಲಿ ಅವನು ಕೆಲಸಕ್ಕೆ ಮರಳಿದ. ಜನವರಿಯ ಪಂದ್ಯಾವಳಿಗೆ ಮೂವತ್ತೆರಡು ತಂಡಗಳು ಬಂದವು, ಮೂರು ದಿನ ಆಟ. ಅಷ್ಟು ವೇಗದ, ಅಷ್ಟು ನಂಬಿಕೆಯ ಐಸನ್ನು ತಾವು ನೋಡಿಯೇ ಇಲ್ಲ ಎಂದು ದೂರದ ಊರಿನವರು ಹೇಳಿದರು. ಸ್ಟೆಫ್ಕಾಳ ಮುದುಕಿಯರು ತಮ್ಮ ಅರ್ಧ ವಯಸ್ಸಿನ ತಂಡವೊಂದನ್ನು ಸೋಲಿಸಿ, ರಿಂಕಿನ ನಡುವೆ ನಿಂತು ಗೆಜ್ಜೆ ಕಟ್ಟಿದವರ ಹಾಗೆ ಕುಣಿದರು.

ಕೊನೆಯ ದಿನದ ಊಟದಲ್ಲಿ ಪ್ರಾಂತ್ಯದ ಕರ್ಲಿಂಗ್ ಸಂಘದವನೊಬ್ಬ ಟಿಪ್ಪಣಿ ಪುಸ್ತಕ ಹಿಡಿದು ಓರೆಸ್ಟ್‌ನ ಮೇಜಿಗೆ ಬಂದ. ಮಾರ್ಚಿನಲ್ಲಿ ಪ್ರಾಂತ್ಯದ ಚಾಂಪಿಯನ್‌ಶಿಪ್‌ಗೆ ಐಸ್ ಮಾಡಿಕೊಡಲು ಬರಬೇಕು, ಹತ್ತು ದಿನದ ಕೆಲಸ ಎಂದ. ಇಂಥ ಕರೆ ನಮ್ಮೂರಿಗೆ ಹಿಂದೆಂದೂ ಬಂದಿರಲಿಲ್ಲ. ಸುತ್ತಲಿನ ಮೇಜುಗಳವರು ಕುರ್ಚಿ ತಿರುಗಿಸಿಕೊಂಡು ಕೂತರು.

"ಬರ್ತೀನಿ" ಎಂದ ಓರೆಸ್ಟ್, ಇಡೀ ಸಭಾಂಗಣಕ್ಕೆ ಕೇಳುವ ಅವನ ಹಳೆಯ ಗಂಟಲಿನಲ್ಲಿ. "ಆದ್ರೆ ಮಂಗಳವಾರ ಆಗಲ್ಲ. ಅವತ್ತು ಡಿಪ್ರೆಶನ್‌ಗೆ ನರ್ಸ್ ಹತ್ರ ಹೋಗ್ಬೇಕು."

ಯಾರೂ ತಲೆ ತಗ್ಗಿಸಲಿಲ್ಲ. ಸಂಘದವನು ಪೆನ್ನು ತೆಗೆದು, "ಸರಿ, ಮಂಗಳವಾರ ಬಿಟ್ಟು" ಎಂದು ಬರೆದುಕೊಂಡ.