ಮೀನಿನ ತೊಟ್ಟಿಗೊಂದು ಬೇರೆ ಲೈನು

ನಮ್ಮ ಮಾವನವರು ಮನೆಯಲ್ಲಿ ಉಳಿಯಬೇಕಾದರೆ ನಾಲ್ಕು ಗೋಲ್ಡ್ ಫಿಶ್‌ಗಳು ಬದುಕಿರಬೇಕಿತ್ತು. ಕೇಳಿದವರು ನಗುತ್ತಾರೆ, ನಗಲಿ. ಆ ಬೇಸಿಗೆಯಲ್ಲಿ ನನ್ನ ಜೀವವೆಲ್ಲ ಆ ಗಾಜಿನ ತೊಟ್ಟಿಯಲ್ಲೇ ಇತ್ತು.

ಮಾವನವರು ಹೊಸದುರ್ಗದ ಕಡೆ ಲೈನ್‌ಮನ್ ಆಗಿದ್ದವರು. ಅತ್ತೆ ತೀರಿಕೊಂಡ ಮೇಲೆ ಸಿಂಗಸಂದ್ರದ ನಮ್ಮ ಬಾಡಿಗೆ ಮನೆಗೆ ಬಂದರು. ಎರಡು ವರ್ಷಕ್ಕೆ ಮರೆವು ಹಿಡಿಯಿತು. ಮೊದಮೊದಲು ಕನ್ನಡಕ ಎಲ್ಲಿಟ್ಟೆ ಎನ್ನುತ್ತಿದ್ದವರು, ಬರಬರುತ್ತಾ ನಾನು ಯಾರೆಂದೇ ಕೇಳತೊಡಗಿದರು. ಕೈ ಮಾತ್ರ ಒಂದು ಕೆಲಸವನ್ನು ಮರೆಯಲಿಲ್ಲ. ಕಂಡ ಸ್ವಿಚ್ಚನ್ನೆಲ್ಲ ಆರಿಸುತ್ತಾ ಹೋಗುವುದು. ಫ್ರಿಡ್ಜು, ಫ್ಯಾನು ಯಾವುದನ್ನೂ ಬಿಡುತ್ತಿರಲಿಲ್ಲ. ಯಾಕೆ ಮಾವಾ ಅಂದರೆ ಒಂದೇ ಉತ್ತರ: "ಕಂಬದ ಮೇಲೆ ಆಳು ಐತೆ."

ಆ ಆಳು ಯಾರೆಂದು ನನಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲೇ ನನ್ನ ಗಂಡ ಹೇಳಿದ್ದರು. ಮಾವನವರ ಜೊತೆಗಾರನೊಬ್ಬ ರಿಪೇರಿಗೆಂದು ಕಂಬ ಹತ್ತಿದ್ದ. ಮಾವನವರು ಕೆಳಗೆ ಲೈನ್ ಆಫ್ ಮಾಡಿ, ಯಾರೂ ತಿರುಗಿ ಹಾಕದಿರಲೆಂದು ಫ್ಯೂಸನ್ನು ಕಿತ್ತು ತಮ್ಮ ಜೇಬಿಗೇ ಹಾಕಿಕೊಂಡಿದ್ದರು. ಅವರಲ್ಲಿ ಅದೇ ಪದ್ಧತಿ. ಹತ್ತಿದವನೇ ಇಳಿದು ಬಂದು "ಇಳಿದೆ" ಎನ್ನುವವರೆಗೆ ಫ್ಯೂಸು ಜೇಬು ಬಿಟ್ಟು ಕದಲುವಂತಿಲ್ಲ. ಅವತ್ತು ಆ ಕಡೆಯ ಅಕ್ಕಿ ಗಿರಣಿಯಲ್ಲಿ ಯಾರೋ ಜನರೇಟರ್ ಹಾಕಿದರು. ಅಲ್ಲಿಂದ ಕರೆಂಟು ಹಿಮ್ಮುಖವಾಗಿ ಅದೇ ತಂತಿಗೆ ಹರಿದು ಬಂತು. ಜೊತೆಗಾರ ಕಂಬದ ಮೇಲೆಯೇ ಪ್ರಾಣ ಬಿಟ್ಟ. ಕೆಳಗೆ ನಿಂತಿದ್ದ ಮಾವನವರ ಜೇಬಿನಲ್ಲಿ ಫ್ಯೂಸು ಹಾಗೆಯೇ ಇತ್ತು.

ತೊಟ್ಟಿಯನ್ನು ಕೊಟ್ಟದ್ದು ಮನೆ ಖಾಲಿ ಮಾಡುತ್ತಿದ್ದ ಎದುರು ಮನೆಯವರು. ಬೇಡವೆನ್ನಲಾಗದೆ ಇಟ್ಟುಕೊಂಡೆ. ಮೊದಲ ದಿನವೇ ಮಾವನವರು ಅದರ ಮುಂದೆ ಕುರ್ಚಿ ಎಳೆದುಕೊಂಡು ಎರಡು ಗಂಟೆ ಅಲ್ಲಾಡದೆ ಕುಳಿತರು. ನಾನು ಎಷ್ಟೋ ತಿಂಗಳ ನಂತರ ಬಾಗಿಲು ಹಾಕಿಕೊಂಡು ಸಮಾಧಾನವಾಗಿ ಸ್ನಾನ ಮಾಡಿದೆ. ನನ್ನದು ಮನೆಯಿಂದಲೇ ಕೆಲಸ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದಾಗ ಅವರು ಬೀದಿಗೆ ಹೋಗಿಬಿಡುವ ಭಯ ನನ್ನನ್ನು ತಿಂದು ಹಾಕಿತ್ತು. ಮೀನು ಕಣ್ಣೆದುರು ಈಜುತ್ತಿದ್ದಷ್ಟು ದಿನ ಅವರು ಹೊಸಿಲು ದಾಟಲಿಲ್ಲ.

ಆದರೆ ನೀರಿಗೆ ಗಾಳಿ ಊದುವ ಪಂಪಿಗೂ ಒಂದು ಸ್ವಿಚ್ಚಿತ್ತಲ್ಲ. ಅದನ್ನೂ ಆರಿಸಿದರು, ಎರಡು ಮೀನು ಸತ್ತವು. ಬೇರೆ ತಂದು ಬಿಟ್ಟು ಸ್ವಿಚ್ಚಿಗೆ ಟೇಪು ಸುತ್ತಿದೆ. ಲೈನ್‌ಮನ್‌ಗೆ ಟೇಪು ಒಂದು ಲೆಕ್ಕವೇ? ಮಾರನೆಯ ವಾರ ಬಾಗಿಲ ಪಕ್ಕದ ಪೆಟ್ಟಿಗೆ ತೆರೆದು ಇಡೀ ಮನೆಯ ಮೇನ್ ಸ್ವಿಚ್ಚನ್ನೇ ಇಳಿಸಿಬಿಟ್ಟರು. ನನ್ನ ಲ್ಯಾಪ್‌ಟಾಪು ಬ್ಯಾಟರಿಯಲ್ಲಿ, ನೆಟ್ಟು ಫೋನಿನಲ್ಲಿ ಓಡುತ್ತಿತ್ತು, ಮೀಟಿಂಗಿನ ಗಡಿಬಿಡಿಯಲ್ಲಿ ಫ್ಯಾನು ನಿಂತದ್ದೂ ನನಗೆ ತಿಳಿಯಲಿಲ್ಲ. ಸುಡು ಬೇಸಿಗೆ, ಚಿಕ್ಕ ತೊಟ್ಟಿ. ನಾನು ಹೊರಗೆ ಬಂದಾಗ ನಾಲ್ಕೂ ಮೀನು ಹೊಟ್ಟೆ ಮೇಲಾಗಿ ತೇಲುತ್ತಿದ್ದವು, ಕುರ್ಚಿ ಖಾಲಿಯಿತ್ತು. ಮಾವನವರು ಸಿಕ್ಕಿದ್ದು ಹೊಸೂರು ರಸ್ತೆಯಲ್ಲಿ. ಲಾರಿ, ಕಂಪನಿ ಬಸ್ಸುಗಳ ನಡುವೆ ಒಂದು ಕರೆಂಟು ಕಂಬದ ಬುಡದಲ್ಲಿ ನಿಂತು ಮೇಲೆ ನೋಡುತ್ತಿದ್ದರು.

ಅವತ್ತು ಸಂಜೆ ನನ್ನ ಗಂಡ ಧ್ವನಿ ಏರಿಸದೆ ಹೇಳಿದರು: "ಇನ್ನೊಂದ್ ಸಲ ಅಪ್ಪ ರೋಡಿಗೆ ಹೋದ್ರೆ ನಾನ್ ಯಾರ್ ಮಾತೂ ಕೇಳಲ್ಲ. ಆನೇಕಲ್ ಹತ್ರ ವಯಸ್ಸಾದೋರ್ದು ಒಂದು ಹೋಮ್ ನೋಡ್ಕೊಂಡ್ ಬಂದಿದ್ದೀನಿ."

ಅವರ ಮಾತು ತಪ್ಪಲ್ಲ. ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ನನ್ನ ಮೊದಲ ಬಸಿರು ನಿಲ್ಲದೆ ಹೋದಾಗ ನೆಂಟರಿಷ್ಟರೆಲ್ಲ ನನ್ನಿಂದಲೇ ಏನೋ ತಪ್ಪಾಗಿದೆ ಎಂಬಂತೆ ನೋಡುತ್ತಿದ್ದರು. ಮಾವನವರೊಬ್ಬರು ತಾವೇ ರಾಗಿ ಅಂಬಲಿ ಕಾಯಿಸಿ ತಂದು, "ಕುಡಿಯಮ್ಮ" ಎಂದು ನಾನು ಲೋಟ ಖಾಲಿ ಮಾಡುವವರೆಗೆ ಎದುರಿಗೆ ಕುಳಿತಿದ್ದರು. ಅಂಥವರನ್ನು ಗುರುತು ಪರಿಚಯವಿಲ್ಲದವರ ಕೈಗೆ ಕೊಟ್ಟು ನಾನು ಊಟ ಹೇಗೆ ಮಾಡಲಿ?

ಮಾರನೆಯ ದಿನವೇ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದೆ. ತಲೆ ನರೆತ, ಮಾತು ಕಡಿಮೆಯ ಮನುಷ್ಯ. ಎಲ್ಲವನ್ನೂ ಕೇಳಿಸಿಕೊಂಡು, "ಮನೆ ಮೇನ್‌ಗೆ ಸಂಬಂಧಾನೇ ಬೇಡ ಮೇಡಂ. ಕೆಳಗೆ ಮೀಟರ್ ಬೋರ್ಡಿಂದ ಮೀನಿಗೆ ಅಂತ್ಲೇ ಬೇರೆ ಲೈನ್ ಎಳೀತೀನಿ. ಅವರು ಮೇನೇ ಇಳಿಸಿದ್ರೂ ಇದು ಓಡ್ತಿರುತ್ತೆ" ಅಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಕೆಳಮನೆಯಲ್ಲಿರುವ ಓನರ್ ಈ ಊರಿನ ಹಳೆಯ ರೈತರು, ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈ ಕಟ್ಟಡ ಎಬ್ಬಿಸಿದವರು. ಗೋಡೆಗೆ ಮೊಳೆ ಹೊಡೆದರೂ ಅವರ ಎದೆಗೇ ಹೊಡೆದಂತೆ. ಮೀನಿಗೆ ಅಂತ ಯಾರಾದ್ರೂ ಲೈನ್ ಎಳೀತಾರೇನಮ್ಮ ಎಂದು ನಕ್ಕರು. ನನಗೆ ರೇಗಿಹೋಯಿತು. ಮೀನಿಗಲ್ಲ, ನಮ್ಮ ಮಾವನಿಗೆ ಎಂದು ಶುರು ಮಾಡಿದವಳು ಅವರ ಜಗಲಿಯ ಮೇಲೆ ಕುಳಿತು ಗಳಗಳನೆ ಅತ್ತುಬಿಟ್ಟೆ. ಮುದುಕ ಗಾಬರಿಯಾಗಿ, "ಅಳಬ್ಯಾಡ ಕಣವ್ವ, ಎಳಸ್ಕೋ ಓಗು" ಅಂದರು. ಹಳೆಯ ಬೋರ್ಡಿನಲ್ಲಿ ಖಾಲಿ ಬಿದ್ದಿದ್ದ ಒಂದು ಪಿಂಗಾಣಿ ಫ್ಯೂಸನ್ನೇ ಇದಕ್ಕೆ ಬಳಸಿಕೊಳ್ಳಿ ಎಂದು ತಾವೇ ತೋರಿಸಿಕೊಟ್ಟರು.

ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಅಷ್ಟು ಹೊತ್ತೂ ಗಂಡ ರಜೆ ಹಾಕಿ ಮಾವನವರನ್ನು ಹೊರಗೆ ಸುತ್ತಾಡಿಸಿದರು, ಈ ಲೈನು ಎಲ್ಲಿಂದ ಬಂತೆಂದು ಅವರಿಗೆ ಗೊತ್ತಾಗಬಾರದೆಂದು. ಮೆಟ್ಟಿಲ ಪಕ್ಕದಲ್ಲಿ ಪೈಪು ಹತ್ತಿ ಬಂದು ತೊಟ್ಟಿಯ ಹಿಂದೆ ಮರೆಯಾಯಿತು. ಮೀಟರ್ ಪೆಟ್ಟಿಗೆಯ ಬೀಗದ ಕೈ ನನ್ನ ಸೊಂಟಕ್ಕೆ ಬಂತು. ನಾಲ್ಕು ಹೊಸ ಮೀನು ತಂದು ಬಿಟ್ಟೆವು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂದುಕೊಂಡೆ. ನನ್ನ ಬುದ್ಧಿಗಿಷ್ಟು.

ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮಾವನವರು ಮೇನ್ ಇಳಿಸಿದರು. ಫ್ಯಾನು ನಿಂತದ್ದು ಗೊತ್ತಾಗಿ ಮೀಟಿಂಗಿನ ನಡುವೆ ಎದ್ದು ಬಂದೆ. ಅವರು ತೊಟ್ಟಿಯ ಮುಂದೆ ನಿಂತಿದ್ದರು. ಮನೆಯೆಲ್ಲ ಆರಿತ್ತು, ತೊಟ್ಟಿಯ ದೀಪ ಉರಿಯುತ್ತಿತ್ತು, ನೀರು ಗುಳುಗುಳು ಅನ್ನುತ್ತಿತ್ತು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಕೊರಳಿನ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು.

"ಮೇನ್ ತೆಗ್ದೀನಿ. ಇದ್ಕೆ ಎಲ್ಲಿಂದ ಬರ್ತೈತೆ?"

ಆಗ ನನಗೆ ಹೊಳೆಯಿತು. ಅಯ್ಯೋ ಶಿವನೇ, ನಾನೇ ಅಕ್ಕಿ ಗಿರಣಿಯವಳಾಗಿದ್ದೆ. ಇಷ್ಟು ವರ್ಷ ಅವರು ಯಾವುದಕ್ಕೆ ಹೆದರುತ್ತಿದ್ದರೋ ಅದನ್ನೇ ಗೋಡೆ ಕೊರೆಸಿ ಮನೆಯೊಳಗೆ ತಂದಿಟ್ಟಿದ್ದೆ. ಕಥೆ ಗೊತ್ತಿದ್ದೂ ಹೊಳೆದಿರಲಿಲ್ಲ.

ಅವರು ಬಾಲ್ಕನಿಗೆ ಓಡಿ ಬೀದಿಯ ಕಂಬಕ್ಕೆ "ಇಳಿಯೋ, ಇಳಿಯೋ" ಎಂದು ಕೂಗಿದರು. ತಿರುಗಿ ಬಂದು ತೊಟ್ಟಿಯ ತಂತಿಗೆ ಕೈ ಹಾಕಿ ಜಗ್ಗಿದರು. ನಾನು ತಬ್ಬಿ ಹಿಡಿದರೆ ತಳ್ಳಿದರು. ಯಾರೂ ಇಲ್ಲ ಮಾವ, ಅದು ಮೀನಿನ ಲೈನು ಎಂದು ಎಷ್ಟು ಬೇಡಿಕೊಂಡರೂ ಕಿವಿಗೆ ಬೀಳಲಿಲ್ಲ. ತೊಟ್ಟಿಯ ನೀರು ತಾಗಿ ಅವರ ಕೈ ಒದ್ದೆಯಾಗಿತ್ತು, ಕರೆಂಟು ಹೊಡೆದರೆ ಗತಿಯೇನು? ಮೆಟ್ಟಿಲು ಹಾರಿಕೊಂಡು ಕೆಳಗೆ ಹೋಗಿ, ಬೀಗ ತೆಗೆದು, ಆ ಪಿಂಗಾಣಿ ಫ್ಯೂಸನ್ನು ಕಿತ್ತುಕೊಂಡು ಮೇಲೆ ಬಂದೆ.

ತೊಟ್ಟಿ ಕತ್ತಲಾಗಿತ್ತು. ಮಾವನವರ ಅಂಗೈಯಲ್ಲಿ ಫ್ಯೂಸಿಟ್ಟು ಹೇಳಿದೆ: "ಆ ಕಡೇದೂ ತೆಗ್ದಿದ್ದೀನಿ ಮಾವ."

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬನಿಯನ್ನಿನ ಜೇಬಿಗೆ ಹಾಕಿ, ಮೇಲಿನಿಂದ ಕೈಯಿಟ್ಟುಕೊಂಡು ಕುರ್ಚಿಯಲ್ಲಿ ಕುಳಿತರು. ಉಸಿರು ನಿಧಾನವಾಯಿತು.

ಈಗ ಮೀನಿನ ಗತಿ? ಐದು ನಿಮಿಷ ಬಿಟ್ಟು ಕೈ ಚಾಚಿದೆ, ಕೊಡಿ ಮಾವ ಅಂದೆ. ಯಾರು ನೀನು ಅಂದರು. ಹತ್ತಿದವನು ಇಳಿದು ಬಂದು ಕೇಳಲಿ ಅಂದರು. ಅಡುಗೆಮನೆಯಿಂದ ಚೊಂಬು ತಂದು ತೊಟ್ಟಿಯ ನೀರನ್ನೇ ಮೊಗೆದು ಮೊಗೆದು ಮೇಲಿನಿಂದ ಸುರಿಯತೊಡಗಿದೆ, ಗಾಳಿ ಬೆರೆಯಲಿ ಎಂದು. ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ತೋಳು ಸೋತಿತು. ಕೆಂಪು ಮೀನೊಂದು ಮೇಲೆ ಬಂದು ಬಾಯಿ ಬಿಡುತ್ತಿತ್ತು. ಇದು ಸತ್ತರೆ ಇವರು ಎದ್ದು ಹೋಗುತ್ತಾರೆ, ಇವರು ಹೋದರೆ ಆನೇಕಲ್ಲು. ಅದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಕೊನೆಗೆ ಚೊಂಬು ಕೆಳಗಿಟ್ಟು, ಬಾಗಿಲು ತೆರೆದು ಹೊರಗೆ ಹೋಗಿ, ಮತ್ತೆ ಒಳಗೆ ಬಂದೆ. ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ಮುಂದೆ ನಿಂತೆ.

"ಅಣ್ಣಾ, ಇಳಿದೆ."

ಅವರು ತಲೆಯೆತ್ತಿ ನನ್ನ ಮುಖ ನೋಡಿದರು.

"ಇಳಿದ್ಯಾ? ಇಷ್ಟೊತ್ತು ಮಾಡಿದ್ಯಲ್ಲೋ" ಅಂದರು. ಜೇಬಿನಿಂದ ಫ್ಯೂಸು ತೆಗೆದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಮನೀಗೆ ಹೋಗು. ನಿಮ್ಮವ್ವ ಕಾಯ್ತಿರ್ತಾಳೆ."

ಫ್ಯೂಸು ಅವರ ಎದೆಯ ಶಾಖಕ್ಕೆ ಬೆಚ್ಚಗಿತ್ತು. ಮೆಟ್ಟಿಲ ಮೇಲೆ ಕುಳಿತು ಅತ್ತು, ಆಮೇಲೆ ಕೆಳಗೆ ಹೋಗಿ ಹಾಕಿದೆ. ಮೇಲೆ ಬಂದಾಗ ನೀರು ಗುಳುಗುಳು ಅನ್ನುತ್ತಿತ್ತು, ನಾಲ್ಕೂ ಮೀನು ಇದ್ದವು, ಮಾವನವರು ಕುರ್ಚಿಯಲ್ಲೇ ಇದ್ದರು. ಮಾರನೆಯ ದಿನ ಹನ್ನೊಂದಕ್ಕೆ ಮತ್ತೆ ಮೇನ್ ಇಳಿಸಿದರು. ನಾನು ಮೀಟಿಂಗಿನವರಿಗೆ ಹತ್ತು ನಿಮಿಷ ಕೇಳಿಕೊಂಡು, ಬೀಗದ ಕೈ ಹಿಡಿದು ಫ್ಯೂಸು ಕೀಳಲು ಕೆಳಗೆ ಹೋದೆ.